ಅಪ್‌ಡೇಟ್: ಹಳೇ ಜಿಸಿಸಿ ಕೈಬಿಟ್ಟೆವು, ಕರ್ನಲ್ ಬೂಟ್ ಆಯಿತು

ನಮ್ಮ ಬಿಲ್ಡ್ ಸರ್ವರ್‌ನಲ್ಲಿರುವುದು ಉಬುಂಟು 18.04, ಜೊತೆಗೆ ಜಿಸಿಸಿ (ಕೋಡನ್ನು ಯಂತ್ರಭಾಷೆಗೆ ಬದಲಿಸುವ ಕಂಪೈಲರ್) 7.5. ಲಿನಕ್ಸ್ 6.16 ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕಂಪೈಲ್ ಮಾಡಲು ಹೋದರೆ, ಕನಿಷ್ಠ ಜಿಸಿಸಿ 8.1 ಬೇಕು ಎಂದು ಶುರುವಿನಲ್ಲೇ ನಿಂತುಬಿಡುತ್ತಿತ್ತು. ಈ ಆವೃತ್ತಿ ತಪಾಸಣೆ ಮಾಡುವ ಸ್ಕ್ರಿಪ್ಟ್‌ನಲ್ಲಿ ಆ ಸಂಖ್ಯೆಯನ್ನೇ ತಿದ್ದಿದರೆ ಆಗಲ್ವಾ ಎಂದು ಇಲ್ಲಿ ಕೇಳಿದ್ದೆ.

ತಿದ್ದಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದ ಆರ್ಮ್64 (64-ಬಿಟ್ ಆರ್ಮ್ ಪ್ರೊಸೆಸರ್) ಕಥೆ ಓದಿ ಹೆದರಿಕೆಯೇ ಆಯಿತು. 2021ರಲ್ಲಿ ಅದಕ್ಕೆ ಜಿಸಿಸಿ 5.1 ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಅದಕ್ಕಿಂತ ಹಳೇ ಜಿಸಿಸಿ, ಸ್ಟ್ಯಾಕ್‌ನಲ್ಲಿ (ಫಂಕ್ಷನ್ ಬಳಸುವ ತಾತ್ಕಾಲಿಕ ಮೆಮೊರಿ) ಬಿಟ್ಟುಕೊಟ್ಟ ಜಾಗವನ್ನು ಆಮೇಲೂ ಓದುವಂಥ ಕೋಡ್ ಕೊಡುತ್ತಿತ್ತು. ಅಷ್ಟರಲ್ಲಿ ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆಯುವ ಸಂಕೇತ) ಬಂದು ಅದೇ ಜಾಗ ಬಳಸಿದರೆ ಡೇಟಾ ಕೆಡುತ್ತಿತ್ತು. ಇಎಕ್ಸ್‌ಟಿ4 ಫೈಲ್ ಸಿಸ್ಟಂನಲ್ಲಿ ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ನೋಡುವ ಸಂಖ್ಯೆ) ತಪ್ಪುಗಳು ಕಾಣಿಸಿದ್ದು ಹೀಗೆ. ಇಂಥದ್ದನ್ನು ಹುಡುಕೋದು ಎಷ್ಟು ಕಷ್ಟ!

ಕೊನೆಗೆ ಡೆಬಿಯನ್ 12 ಕಂಟೇನರ್ (ಸರ್ವರ್‌ನೊಳಗೇ ಪ್ರತ್ಯೇಕವಾಗಿ ಓಡುವ ಪರಿಸರ) ಹಾಕಿ, ಜಿಸಿಸಿ 12ರಲ್ಲಿ ಬಿಲ್ಡ್ ಮಾಡಿದೆ. ಹಳೇ ಮಷೀನ್‌ಗಳಲ್ಲಿ ಓಡಲ್ಲವೇನೋ ಎಂಬ ಭಯವಿತ್ತು. ಆದರೆ ಕರ್ನಲ್ ಜಿಲಿಬ್‌ಸಿಗೆ (ಸಾಮಾನ್ಯ ಪ್ರೋಗ್ರಾಂಗಳಿಗೆ ಬೇಕಾಗುವ ಸಿ ಲೈಬ್ರರಿ) ಲಿಂಕ್ ಆಗುವುದೇ ಇಲ್ಲವಲ್ಲ, ಆರಾಮಾಗಿ ಬೂಟ್ ಆಯಿತು.

ತೊಡಕಾಗಿದ್ದು ನಮ್ಮದೇ ಡ್ರೈವರ್ ಮಾಡ್ಯೂಲ್ (ಕರ್ನಲ್‌ಗೆ ಬೇರೆಯಾಗಿ ಸೇರಿಸುವ ಭಾಗ). ಅದನ್ನು ಅಭ್ಯಾಸಬಲದಿಂದ ಹಳೇ ಸರ್ವರ್‌ನಲ್ಲೇ ಬಿಲ್ಡ್ ಮಾಡಲು ಹೋಗಿದ್ದೆ. ಕರ್ನಲ್‌ಗೆ ಬಳಸಿದ ಕಂಪೈಲರ್ ಬೇರೆ ಎಂಬ ಎಚ್ಚರಿಕೆ ಬಂತು. ಈಗ ಎರಡೂ ಒಂದೇ ಕಂಟೇನರ್‌ನಲ್ಲಿ ಆಗುತ್ತಿವೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.