ಸಹಾಯ ಬೇಕು: ಮನೆಯಲ್ಲಿ ಮಾಡಿದ ಒಂದೇ ಪಾತ್ರೆಯ ಏಲ್ (ಒಂದು ಬಗೆಯ ಬಿಯರ್), ಕೆಲವು ಬಾಟಲಿ ಉಕ್ಕುತ್ತಿವೆ, ಕೆಲವು ಸಪ್ಪೆ

ಇನ್ನೆರಡು ವಾರಕ್ಕೆ ಗೆಳೆಯರೆಲ್ಲ ಸೇರಿ ಒಬ್ಬರು ಮಾಡಿದ ಏಲನ್ನು ಇನ್ನೊಬ್ಬರು ಸವಿದು ನೋಡಲಿದ್ದೇವೆ. ನನ್ನ 20 ಲೀಟರ್ ಪೇಲ್ ಏಲ್ ಈ ಹೊತ್ತಿನಲ್ಲೇ ಕೈಕೊಟ್ಟಿದೆ.

ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಉಪಕರಣ) ಸತತ ಮೂರು ದಿನ 1.012 ತೋರಿಸಿದ ಮೇಲೆಯೇ, ಅಂದರೆ ಹುದುಗುವಿಕೆ ನಿಂತ ಮೇಲೆಯೇ, ಬಾಟಲಿಯಲ್ಲಿ ಗ್ಯಾಸ್ ಹುಟ್ಟಲೆಂದು 120 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಏಲಿಗೆ ಸುರಿದು, ಪಾತ್ರೆಯ ಕೆಳಗಿನ ನಲ್ಲಿಯಿಂದ 500 ಮಿಲಿ ಬಾಟಲಿಗಳಿಗೆ ತುಂಬಿದೆ. ಮೂರು ವಾರ 20 ಡಿಗ್ರಿಯಲ್ಲಿ ಇಟ್ಟೆ. ಮೊದಲು ತುಂಬಿದ ಬಾಟಲಿಗಳು ತೆರೆದೊಡನೆ ಅರ್ಧ ಚೆಲ್ಲುವಷ್ಟು ನೊರೆಯುಕ್ಕುತ್ತಿವೆ. ಕೊನೆಯವುಗಳಲ್ಲಿ ಗುಳ್ಳೆಯೇ ಇಲ್ಲ. ಪರಿಮಳ ಮಾತ್ರ ಎರಡರಲ್ಲೂ ಸೊಗಸಾಗಿದೆ, ಅದಕ್ಕೇ ಚೆಲ್ಲಲು ಮನಸ್ಸು ಒಪ್ಪುತ್ತಿಲ್ಲ.

ಸೋಂಕು ಇರಬಹುದೆಂದು ಮೊದಲು ಹೆದರಿದೆ. ಆದರೆ ಹುಳಿಯಿಲ್ಲ, ಗ್ಯಾಸ್ ಬಿಡಿಸಿ ಅಳೆದರೆ ಉಕ್ಕುವ ಬಾಟಲಿಯಲ್ಲೂ 1.012 ಇದೆ. ಸಕ್ಕರೆ ಪಾಕ ತಳದಲ್ಲೇ ಉಳಿದು ಸರಿಯಾಗಿ ಬೆರೆಯಲಿಲ್ಲ ಎಂಬುದು ನನ್ನ ಅನುಮಾನ. ಸಪ್ಪೆ ಬಾಟಲಿಗಳನ್ನು ತಲೆಕೆಳಗು ಮಾಡಿ ಯೀಸ್ಟ್ ಕದಡಿ, ಇನ್ನೊಂದು ವಾರ 24 ಡಿಗ್ರಿಯಲ್ಲಿ ಇಟ್ಟರೂ ಬದಲಾವಣೆ ಕಾಣಲಿಲ್ಲ. ಉಕ್ಕುವವನ್ನು ಒಡೆಯುವ ಭಯದಿಂದ ಫ್ರಿಜ್‌ನಲ್ಲಿ ಇಟ್ಟಿದ್ದೇನೆ.

ಅನುಭವವಿರುವವರು ದಯವಿಟ್ಟು ತಿಳಿಸಿ: ಸಪ್ಪೆ ಬಾಟಲಿಗಳ ಮುಚ್ಚಳ ತೆಗೆದು ಮತ್ತೆ ಸಕ್ಕರೆ ಹಾಕಬಹುದೇ, ಅಥವಾ ಒಳಹೋಗುವ ಗಾಳಿ ರುಚಿಯನ್ನು ಕೆಡಿಸುತ್ತದೆಯೇ? ಹಾಕಬಹುದಾದರೆ ಬಾಟಲಿಗೆ ಎಷ್ಟು ಗ್ರಾಂ?