ವಾಪಸ್ ಬಂದ ಗಾಡಿಯ ನಷ್ಟಕ್ಕೆ ಹುಡುಗನ ಸಂಬಳ ಹಿಡಿದೆ. ಅವನು ಕೆಲಸ ಬಿಟ್ಟ. ಗ್ಯಾರೇಜ್ ನಡೆಸುವವರು ಏನು ಹೇಳುತ್ತೀರಿ?

ಗೋಣಿಕೊಪ್ಪ ಗ್ಯಾರೇಜ್
ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದಲ್ಲಿ 11 ವರ್ಷದಿಂದ ಗ್ಯಾರೇಜ್ ಇಟ್ಟಿದ್ದೇನೆ. ನನ್ನನ್ನೂ ಸೇರಿಸಿ ಆರು ಜನ ಇದ್ದೆವು, ಈಗ ಐದು. ಹೋದವನ ವಿಷಯಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜನವರಿ ತಿಂಗಳು, ರೊಬಸ್ಟಾ ಕಾಫಿ ಕುಯ್ಲು ಜೋರಾಗಿತ್ತು. ಒಂದು ತೋಟದ ಪಿಕಪ್ ಕ್ಲಚ್ ಕೆಲಸಕ್ಕೆ ಬಂತು. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರೂ ಹೊಸದು ಹಾಕಿ ಕಳಿಸಿದೆವು. ಒಂಬತ್ತನೇ ದಿನಕ್ಕೆ ಗಾಡಿ ವಾಪಸ್. ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಹೊಸ ಪ್ಲೇಟು ಎಣ್ಣೆಯಲ್ಲಿ ನೆಂದು ಕಪ್ಪಾಗಿ ಹೊಳೆಯುತ್ತಿತ್ತು. ಗೇರ್‌ಬಾಕ್ಸಿನ ಮುಂದೆ ಎಣ್ಣೆ ಹೊರಗೆ ಬಾರದಂತೆ ತಡೆಯುವ ಆಯಿಲ್ ಸೀಲ್ ಸೋರುತ್ತಿದ್ದದ್ದು. ಕ್ಲಚ್ ಹಾಕುವಾಗಲೇ ಅದನ್ನು ಬದಲಾಯಿಸಬೇಕಿತ್ತು. ಸೀಲಿಗೆ ಹೆಚ್ಚೆಂದರೆ ಮುನ್ನೂರು ರೂಪಾಯಿ. ಅದು ಬಿಟ್ಟಿದ್ದಕ್ಕೆ ಇನ್ನೊಂದು ಪ್ಲೇಟು, ಇನ್ನೊಂದು ದಿನದ ಕೆಲಸ, ಎಲ್ಲ ನನ್ನ ಕೈಯಿಂದ ಹೋಯಿತು.

ಕೆಲಸ ಮಾಡಿದ ಹುಡುಗ ಆರು ವರ್ಷದಿಂದ ನನ್ನ ಹತ್ತಿರ ಇದ್ದವನು. ಸಂಬಳದಲ್ಲಿ 2,500 ರೂಪಾಯಿ ಹಿಡಿದೆ. ಅವನು ಏನೂ ಮಾತಾಡಲಿಲ್ಲ. ಶನಿವಾರ ಸಂಜೆ ತಾನು ಬಳಸುವ ಸ್ಪ್ಯಾನರ್‌ಗಳನ್ನೆಲ್ಲ ಡೀಸೆಲ್ ಬಟ್ಟೆಯಲ್ಲಿ ಒರೆಸಿದ. 10-11, 12-13, 14-15, ಒಂದೊಂದನ್ನೂ ಬೋರ್ಡಿನ ಮೇಲೆ ಅದರದರ ಮೊಳೆಗೆ ನೇತುಹಾಕಿ ಹೋದ. ಸೋಮವಾರ ಬರಲಿಲ್ಲ.

ಉಳಿದವರಲ್ಲಿ ಇಬ್ಬರು ಈಗ ಮೊದಲಿನ ಹಾಗಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾರೆ. ನಾನು ಮಾಡಿದ್ದು ತಪ್ಪಾ? ತಪ್ಪಿಗೆ ದಂಡ ಇಲ್ಲದೆ ಗ್ಯಾರೇಜ್ ನಡೆಸುವುದು ಹೇಗೆ?

ಸೋಮವಾರಪೇಟೆ ಹಳೇ ಜೀಪು
ತಪ್ಪೇನೂ ಇಲ್ಲ ತಮ್ಮ. ನಾನು ಈ ಕೆಲಸಕ್ಕೆ ಬಂದು 34 ವರ್ಷ ಆಯಿತು. ನಾವು ಕಲಿಯುವಾಗ ಸಂಬಳವೇ ಇರಲಿಲ್ಲ. ಊಟ, ಆಮೇಲೆ ಏಟು. ಒಂದು ಸಲ ಡ್ರೈನ್ ಬೋಲ್ಟ್ ಸರಿಯಾಗಿ ಬಿಗಿಯದೆ ಇಂಜಿನ್ ಆಯಿಲ್ ಪೂರ್ತಿ ರಸ್ತೆಗೆ ಹೋಯಿತು. ನನ್ನ ಮಾಲೀಕರು ಎರಡು ತಿಂಗಳು ನನಗೆ ಕಾಸು ಕೊಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಡ್ರೈನ್ ಬೋಲ್ಟನ್ನು ಕೈಯಲ್ಲಿ ಮುಟ್ಟಿ ನೋಡದೆ ಬಾನೆಟ್ ಮುಚ್ಚಿಲ್ಲ. ಆರು ವರ್ಷದ ಮೆಕ್ಯಾನಿಕ್‌ಗೆ ಸೀಲ್ ನೋಡಬೇಕು ಅಂತ ಹೇಳಿಕೊಡಬೇಕಾ? 2,500 ಜಾಸ್ತಿ ಅಲ್ಲ.

ನಾಪೋಕ್ಲು ಹುಡುಗ
ನಾನು ಕೊಡಗಿನಲ್ಲಿ ನಾಲ್ಕು ವರ್ಷ ಗ್ಯಾರೇಜಿನಲ್ಲಿದ್ದೆ, ಈಗ ಮೈಸೂರಿನಲ್ಲಿ ಒಂದು ಕಂಪನಿ ಸರ್ವಿಸ್ ಸೆಂಟರ್‌ನಲ್ಲಿದ್ದೇನೆ. ಗೋಣಿಕೊಪ್ಪದ ಅಣ್ಣನಿಗೆ ಒಂದೇ ಪ್ರಶ್ನೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಕ್ಲಚ್ ಕೂರುವ ಬೆಲ್ ಹೌಸಿಂಗ್ ಒಳಗೆ ಎಣ್ಣೆ ಇದ್ದರೆ ಕಣ್ಣಿಗೆ ಬೀಳದೆ ಇರಲು ಸಾಧ್ಯವೇ ಇಲ್ಲ. ಕ್ಲಚ್ ಧೂಳು ಎಣ್ಣೆಗೆ ಅಂಟಿಕೊಂಡು ಕರಿ ಅಂಟಾಗಿ ಕೂತಿರುತ್ತದೆ, ಕೆರೆದು ತೆಗೆಯಬೇಕು. ಆರು ವರ್ಷದವನು ಅದನ್ನು ನೋಡಿಯೇ ಇರುತ್ತಾನೆ. ಅವನು ನಿಮಗೆ ಹೇಳಿರಲಿಲ್ಲವಾ?

ಗೋಣಿಕೊಪ್ಪ ಗ್ಯಾರೇಜ್
ನಿನ್ನೆ ರಾತ್ರಿ ಈ ಪ್ರಶ್ನೆ ಓದಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಇನ್ನೊಬ್ಬ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, "ಅವನು ನಿಮಗೆ ಫೋನ್ ಮಾಡಿದ್ದ ಅಣ್ಣ, ನಾನು ಪಕ್ಕದಲ್ಲೇ ಇದ್ದೆ" ಅಂದ.

ಆಗ ನೆನಪಾಯಿತು. ನಾನು ಅವತ್ತು ಸ್ಪೇರ್ಸ್ ಅಂಗಡಿ ಕೌಂಟರಿನಲ್ಲಿದ್ದೆ. "ಸೀಲ್ ಒದ್ದೆ ಇದೆ ಅಣ್ಣ, ಹೊಸದು ಹಾಕಬೇಕು" ಅಂದಿದ್ದ. ಆ ಸೈಜಿನ ಸೀಲ್ ಊರಲ್ಲಿ ಇರಲಿಲ್ಲ, ಮೈಸೂರಿನಿಂದ ಬಸ್ಸಿಗೆ ಬರಬೇಕು, ಅಂದರೆ ಮಾರನೇ ದಿನ. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿ ಆಗಿತ್ತು. ನಾನು "ಒರೆಸಿ ಕೂರಿಸು, ಸಂಜೆಗೆ ಗಾಡಿ ಹೋಗಲೇಬೇಕು" ಅಂದುಬಿಟ್ಟೆ. ಆಮೇಲೆ ಪೂರ್ತಿ ಮರೆತೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿ ಮರೆತಿದ್ದೆ. ಗಾಡಿ ವಾಪಸ್ ಬಂದಾಗ ಎಣ್ಣೆ ಕಂಡಿತು, ಹುಡುಗ ಕಂಡ, ಸಿಟ್ಟು ಬಂತು.

ನಾಪೋಕ್ಲು ಹುಡುಗ
ಹೇಳಿಕೊಂಡಿರಲ್ಲ, ದೊಡ್ಡ ವಿಷಯ ಅಣ್ಣ. ನಮ್ಮಲ್ಲಿ ಹುಡುಗರು ಸಂಬಳಕ್ಕೇ ಊರು ಬಿಡುತ್ತಾರೆ ಅಂದುಕೊಳ್ಳುತ್ತಾರೆ. ಮೈಸೂರಿನಲ್ಲಿ ರೂಮ್ ಬಾಡಿಗೆ, ಊಟ ಕಳೆದರೆ ನನ್ನ ಕೈಯಲ್ಲಿ ಉಳಿಯುವುದು ಮೊದಲಿನಷ್ಟೇ. ಇಲ್ಲಿ ಇರುವುದು ಒಂದು ಕಾಗದ. ಜಾಬ್ ಕಾರ್ಡ್. "ಸೀಲ್ ಸೋರುತ್ತಿದೆ, ಬದಲಾಯಿಸಬೇಕು" ಅಂತ ನಾನು ಬರೆಯುತ್ತೇನೆ. ಗಿರಾಕಿ ಬೇಡ ಅಂದರೆ ಅದರ ಕೆಳಗೆ ಅವರು ಸಹಿ ಹಾಕುತ್ತಾರೆ. ಗಾಡಿ ವಾಪಸ್ ಬಂದರೆ ಯಾರೂ ನನ್ನ ಮುಖ ನೋಡುವುದಿಲ್ಲ, ಕಾರ್ಡ್ ತೆಗೆದು ನೋಡುತ್ತಾರೆ. ಅದಕ್ಕೆ ಕಂಪನಿ ಬೇಕಾಗಿಲ್ಲ. ನಕಲು ಬರುವ ಒಂದು ಬಿಲ್ ಪುಸ್ತಕ ಸಾಕು.

ಪೊನ್ನಂಪೇಟೆ ತೋಟ
ಗ್ಯಾರೇಜಿನವರೆಲ್ಲ ತಮ್ಮತಮ್ಮಲ್ಲೇ ಮಾತಾಡುತ್ತಿದ್ದೀರಿ. ಗಿರಾಕಿ ಕಷ್ಟವನ್ನೂ ಕೇಳಿ. ಕುಯ್ಲಿನಲ್ಲಿ ನನಗೆ ಪಿಕಪ್ ಒಂದು ದಿನ ಇಲ್ಲ ಅಂದರೆ ಕೆಲಸದವರ ಮನೆಗಳಿರುವ ಲೈನ್‌ನಿಂದ ಆಳುಗಳನ್ನು ದೂರದ ಬ್ಲಾಕಿಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಕುಯ್ದ ಕಾಫಿ ಚೀಲದಲ್ಲೇ ರಾತ್ರಿ ಕಳೆದರೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ, ಅದು ಅದೇ ದಿನ ಕಣಕ್ಕೆ ಬರಬೇಕು. ರೈಟರ್ ಮೂರು ಸಲ ಫೋನ್ ಮಾಡಿದರು ಅಂದರೆ ಅವರಿಗೂ ಯಜಮಾನರ ಫೋನ್ ಆರು ಸಲ ಬಂದಿರುತ್ತದೆ. ಗಾಡಿ ಬೇಗ ಕೊಡಿ ಅನ್ನುವುದು ತಪ್ಪಲ್ಲ.

ಆದರೆ ಒಂದು ಮಾತು. ಬೆಳಿಗ್ಗೆ ಹನ್ನೊಂದಕ್ಕೇ ಫೋನ್ ಮಾಡಿ "ಇಂಥ ಸೀಲ್ ಹೋಗಿದೆ, ನಾಳೆ ಸಂಜೆ ಆಗುತ್ತದೆ, ಇವತ್ತೇ ಬೇಕಾದರೆ ಹತ್ತು ದಿನದಲ್ಲಿ ಮತ್ತೆ ಬರಬೇಕಾದೀತು" ಅಂತ ಹೇಳಿದ್ದರೆ ನಾನಾದರೆ ಪಕ್ಕದ ತೋಟದ ಜೀಪು ಕೇಳಿ ಒಂದು ದಿನ ಸುಧಾರಿಸುತ್ತಿದ್ದೆ. ಸಂಜೆ ಆರಕ್ಕೆ ಫೋನ್ ಮಾಡಿ "ಆಗಲಿಲ್ಲ ಸಾರ್" ಅನ್ನುತ್ತೀರಲ್ಲ, ಅದಕ್ಕೆ ಸಿಟ್ಟು ಬರುವುದು.

ಕುಶಾಲನಗರ ಲೆಕ್ಕ
ನನ್ನ ಯಜಮಾನರು ಗ್ಯಾರೇಜಿನಲ್ಲಿ ಕೆಲಸ ನೋಡಿಕೊಳ್ಳುತ್ತಾರೆ, ಲೆಕ್ಕ ನಾನು. ತೋಟದ ಅಣ್ಣ ಸಿಟ್ಟಿನ ವಿಷಯ ಹೇಳಿದಿರಿ, ಉದ್ರಿಯ ವಿಷಯ ಹೇಳಲಿಲ್ಲ. ನಮ್ಮ ಪುಸ್ತಕದಲ್ಲಿ "ಕಾಫಿ ಮಾರಿದ ಮೇಲೆ ಕೊಡುತ್ತೇನೆ" ಅಂತ ನಿಂತ ಬಿಲ್ಲುಗಳೇ ಎರಡು ಪುಟ ಇದ್ದವು. ಕಾಫಿಗೆ ರೇಟು ಏರುತ್ತದೆ ಅಂತ ಚೀಲ ಗೋಡೌನಿನಲ್ಲಿ ಇಟ್ಟುಕೊಂಡು ಕಾಯುತ್ತೀರಿ. ನಿಮಗೆ ಅದು ಸರಿಯೇ ಇರಬಹುದು. ಆದರೆ ನಾವು ಬಿಲ್ ಹರಿದ ಮೇಲೆ, ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ, ಮುಂದಿನ ತಿಂಗಳು 20ರೊಳಗೆ ಜಿಎಸ್‌ಟಿ ಕಟ್ಟಲೇಬೇಕು. ನಿಮ್ಮ ದುಡ್ಡು ಬಂತೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟ್ ಇದ್ದ ಬಿಡಿಭಾಗಗಳೂ 18ಕ್ಕೆ ಇಳಿದವು, ಅಷ್ಟು ಹಗುರ ಆಯಿತು. ಆದರೂ ಕೈಗೆ ಬಾರದ ದುಡ್ಡಿಗೆ ತೆರಿಗೆ ಕಟ್ಟುವುದು ಕಷ್ಟವೇ. ಆ ಕಷ್ಟ ಕೊನೆಗೆ ಯಾರ ತಲೆ ಮೇಲೆ ಬೀಳುತ್ತದೆ? ಹುಡುಗರ ಸಂಬಳ ತಡ ಆಗುತ್ತದೆ. ಅದರ ಮೇಲೆ ದಂಡ ಬೇರೆ.

ನಾವು ಈಗ ಸ್ಪೇರ್ಸ್ ದುಡ್ಡು ಮೊದಲೇ ತೆಗೆದುಕೊಳ್ಳುತ್ತೇವೆ. ಕೂಲಿ ಬೇಕಾದರೆ ಒಂದು ತಿಂಗಳು ಉದ್ರಿ. ಮೊದಲ ವರ್ಷ ನಾಲ್ಕು ಗಿರಾಕಿ ಹೋದರು. ಇಬ್ಬರು ವಾಪಸ್ ಬಂದರು.

ಇನ್ನೊಂದು. ವಾಪಸ್ ಬಂದ ಗಾಡಿಗೆ ಅಂತಲೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಗಾಡಿ ನಂಬರ್, ಏನು ಕೆಲಸ, ಯಾವತ್ತು ಹೊರಗೆ ಹೋಯಿತು, ಯಾಕೆ ವಾಪಸ್ ಬಂತು. ಹುಡುಗನ ಹೆಸರು ಬರೆಯುವ ಜಾಗವೇ ಇಟ್ಟಿಲ್ಲ. ಯಜಮಾನರಿಗೆ ಮೊದಲು ಇಷ್ಟ ಇರಲಿಲ್ಲ, "ಯಾರು ಮಾಡಿದ್ದು ಅಂತ ಗೊತ್ತಾಗಬೇಕಲ್ವಾ" ಅಂದರು. ವರ್ಷ ಮುಗಿದಾಗ ಎಣಿಸಿದೆವು. 23 ಗಾಡಿ ವಾಪಸ್ ಬಂದಿದ್ದವು. ಅದರಲ್ಲಿ 14 ಶನಿವಾರ ಸಂಜೆ ಹೊರಗೆ ಹೋದವು. ಶನಿವಾರ ಕೆಲಸ ಮಾಡಿದವರು ಬೇರೆ ಯಾರೂ ಅಲ್ಲ, ಅದೇ ಹುಡುಗರು. ಭಾನುವಾರ ರಜೆ ಅಂತ ಎಲ್ಲರಿಗೂ ಶನಿವಾರವೇ ಗಾಡಿ ಕೊಡುತ್ತೇವೆ ಅಂತ ಒಪ್ಪಿಕೊಂಡವರು ನಾವು. ಈಗ ಶನಿವಾರ ಮಧ್ಯಾಹ್ನದ ಮೇಲೆ ಗೇರ್‌ಬಾಕ್ಸ್ ಕೆಲಸ ಮುಟ್ಟುವುದಿಲ್ಲ.

ದಂಡದ ಬಗ್ಗೆ ಕಾನೂನೂ ಇದೆ. ಕೆಲಸಗಾರನ ಅಜಾಗರೂಕತೆಯಿಂದ ನಷ್ಟ ಆದರೆ ಸಂಬಳದಲ್ಲಿ ಹಿಡಿಯಬಹುದು. ಆದರೆ ಮೊದಲು ಅವನ ಮಾತು ಕೇಳಬೇಕು, ಆದ ನಷ್ಟಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹಾಗೇ ಇತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಹಾಗೇ ಇದೆ. ಗೋಣಿಕೊಪ್ಪದ ಅಣ್ಣ, ನೀವು ಅವನ ಮಾತು ಕೇಳಿದ್ದರೆ ಅವತ್ತೇ ಫೋನ್ ವಿಷಯ ಹೊರಗೆ ಬರುತ್ತಿತ್ತು.

ಸೋಮವಾರಪೇಟೆ ಹಳೇ ಜೀಪು
ಹುಡುಗ ಹೇಳಿದ್ದ ಅಂದರೆ ಮಾತೇ ಬೇರೆ. ಆ 2,500 ವಾಪಸ್ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಕ್ಕ, ಹೆಸರೇ ಬರೆಯದೆ ನೋಟ್‌ಬುಕ್ ಇಡುವುದು ನನಗೆ ಒಪ್ಪಿಗೆ ಇಲ್ಲ. ನಿಮಗೆ ಒಳ್ಳೆ ಹುಡುಗರು ಸಿಕ್ಕಿದ್ದಾರೆ. ನನ್ನ ಹತ್ತಿರ ಒಬ್ಬ ಇದ್ದ, ವೀಲ್ ನಟ್ ಕೈಯಲ್ಲಿ ತಿರುಗಿಸಿ ಬಿಟ್ಟು ಟೀ ಕುಡಿಯಲು ಹೋದ. ಗಾಡಿ ಓಡಿಸಲು ತೆಗೆದದ್ದು ನಾನು, ಪುಣ್ಯಕ್ಕೆ ಗೇಟಿನ ಹತ್ತಿರವೇ ಸದ್ದು ಬಂತು. ಅಂಥವನಿಗೆ ಏನು ಮಾಡಬೇಕು? ಶನಿವಾರವೂ ಅಲ್ಲ, ಅವಸರವೂ ಇರಲಿಲ್ಲ.

ನಾಪೋಕ್ಲು ಹುಡುಗ
ಅಂಥವನನ್ನು ಕೆಲಸದಿಂದ ಬಿಡಿಸಿ ಅಣ್ಣ. ದುಡ್ಡು ಹಿಡಿದು ಇಟ್ಟುಕೊಳ್ಳಬೇಡಿ. ಐನೂರು ರೂಪಾಯಿ ಕೊಟ್ಟ ಮೇಲೆ ತನ್ನ ತಪ್ಪು ತೀರಿತು ಅಂದುಕೊಳ್ಳುತ್ತಾನೆ. ನಟ್ ಮಾತ್ರ ಹಾಗೇ ಸಡಿಲ ಇರುತ್ತದೆ. ಇಲ್ಲಿ ನಾವು ವೀಲ್ ನಟ್ ಬಿಗಿದವರು ಒಬ್ಬರು, ಬಿಗಿ ಎಷ್ಟಿದೆ ಅಂತ ಅಳೆಯುವ ಟಾರ್ಕ್ ವ್ರೆಂಚ್ ಹಾಕಿ ನೋಡುವವರು ಇನ್ನೊಬ್ಬರು. ನೋಡಿದ ನಟ್ಟಿಗೆ ಬಿಳಿ ಪೆನ್ನಿನಲ್ಲಿ ಗೀಟು.

ಮಡಿಕೇರಿ ಮಂಜು
ನಾನು ಜೀಪು ಓಡಿಸುವವನು, ಮಾಂದಲಪಟ್ಟಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುತ್ತೇನೆ. ಮೆಕ್ಯಾನಿಕ್ ಅಲ್ಲ, ಆದರೂ ಒಂದು ವಿಷಯ ಹೇಳಲೇಬೇಕು. ಮೂರು ವರ್ಷದ ಹಿಂದೆ ಬ್ರೇಕ್ ಪ್ಯಾಡ್ ಹಾಕಿಸಲು ಹೋಗಿದ್ದೆ. ಅಲ್ಲಿದ್ದ ಸಣ್ಣ ಹುಡುಗ, ಐಟಿಐ ಮುಗಿಸಿ ಹೊಸದಾಗಿ ಬಂದವನು, ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು "ಸಾರ್, ಇದು ಕಾಫಿ ಬಣ್ಣ ಆಗಿದೆ, ಬದಲಾಯಿಸಬೇಕು" ಅಂದ. ಸುಮ್ನೆ ಖರ್ಚು ಅಂತ ನಾನು ಬೇಡ ಅಂದೆ. ಜಗಳಕ್ಕೂ ನಿಂತೆ. ಮಾಲೀಕರು ಒಳಗಿಂದ ಬಂದರು. ಗಿರಾಕಿ ಅಂತ ನನ್ನ ಕಡೆ ಮಾತಾಡುತ್ತಾರೆ ಅಂದುಕೊಂಡೆ. ಅವರು ಹುಡುಗನನ್ನು ಕೇಳಿದರು, "ನೀನು ಏನು ಹೇಳುತ್ತೀಯ?" ಅವನು "ಹೀಗೇ ಬಿಡಬಾರದು ಅಣ್ಣ" ಅಂದ. ಅವರು ನನ್ನ ಕಡೆ ತಿರುಗಿ, "ಆಯಿಲ್ ದುಡ್ಡು ಬೇಡ, ಹಾಕಿಸಿಕೊಂಡು ಹೋಗಿ. ಇಲ್ಲದಿದ್ದರೆ ಪ್ಯಾಡ್ ಕೂಡ ಹಾಕುವುದಿಲ್ಲ" ಅಂದರು.

ಆಮೇಲೆ ತಿಳಿದುಕೊಂಡೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ. ನಮ್ಮ ಮಳೆಗೆ ಕೇಳಬೇಕಾ? ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದಿದು ಪೆಡಲ್ ಸೀದಾ ಕೆಳಗೆ ಹೋಗಬಹುದು. ನನ್ನ ಜೀಪಿನಲ್ಲಿ ದಿನಾ ಬೇರೆಯವರ ಮಕ್ಕಳು ಕೂರುತ್ತಾರೆ. ಆ ಮಾಲೀಕರ ಗ್ಯಾರೇಜ್ ಬಿಟ್ಟು ನಾನು ಬೇರೆ ಕಡೆ ಹೋಗಿಲ್ಲ. ಆ ಹುಡುಗನೂ ಅಲ್ಲೇ ಇದ್ದಾನೆ.

ಪೊನ್ನಂಪೇಟೆ ತೋಟ
ಕುಶಾಲನಗರದ ಅಕ್ಕ ಹೇಳಿದ ಉದ್ರಿ ಮಾತು ನನಗೆ ನಾಟಿತು. ನನ್ನದೂ ಎರಡು ಗ್ಯಾರೇಜಿನಲ್ಲಿ ಬಾಕಿ ಇದೆ. ಈ ವಾರ ಒಂದು ತೀರಿಸುತ್ತೇನೆ. ಇನ್ನೊಂದಕ್ಕೆ ಕಾಳುಮೆಣಸು ಮಾರುವವರೆಗೆ ಟೈಮ್ ಬೇಕು, ಅದನ್ನು ಅವರಿಗೆ ಫೋನ್ ಮಾಡಿಯಾದರೂ ಹೇಳುತ್ತೇನೆ. ಆದರೆ ಸ್ಪೇರ್ಸ್ ದುಡ್ಡು ಪೂರ್ತಿ ಮೊದಲೇ ಕೊಡುವುದು ಕುಯ್ಲಿನ ಸಮಯದಲ್ಲಿ ಕಷ್ಟ. ವಾರ ವಾರ ಆಳುಗಳಿಗೆ ದುಡ್ಡು ಹಂಚಬೇಕು. ಅರ್ಧ ಆದರೆ ಒಪ್ಪಬಹುದು.

ಗೋಣಿಕೊಪ್ಪ ಗ್ಯಾರೇಜ್
ಒಂದು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಭಾನುವಾರ ತಿತಿಮತಿ ಹತ್ತಿರ ಅವನ ಮನೆಗೆ ಹೋದೆ. ಅವನ ಅಮ್ಮ ಟೀ ಕೊಟ್ಟರು. 2,500 ಅವರ ಎದುರಿಗೇ ಅವನ ಕೈಗೆ ಕೊಟ್ಟು, "ನೀನು ಫೋನ್ ಮಾಡಿದ್ದೆ, ನಾನೇ ಕೂರಿಸು ಅಂದಿದ್ದೆ" ಅಂದೆ. ಅವನು ದುಡ್ಡು ಎಣಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ, "ದುಡ್ಡಿಗೆ ಬೇಜಾರಾಗಲಿಲ್ಲ ಅಣ್ಣ. ರೈಟರ್ ಎದುರಿಗೆ ಇವನು ನೋಡಲೇ ಇಲ್ಲ ಅಂದಿರಲ್ಲ. ಅವರು ನಮ್ಮೂರಿನವರು." ಹಾಗಂದಿದ್ದು ನನಗೆ ನೆನಪಿದೆ. ಇಲ್ಲಿ ಮೊದಲು ಬರೆದಾಗ ಅದನ್ನು ಬರೆದಿರಲಿಲ್ಲ.

ಅವನು ವಾಪಸ್ ಬರುವುದಿಲ್ಲ. ಹುಣಸೂರಿನಲ್ಲಿ ಕೆಲಸ ಸಿಕ್ಕಿದೆ, ಒಂದನೇ ತಾರೀಕಿನಿಂದ ಹೋಗುತ್ತಾನೆ. ನಾನು ಬಲವಂತ ಮಾಡಲಿಲ್ಲ. ರೈಟರ್‌ಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ.

ನಕಲು ಬರುವ ಪುಸ್ತಕ ತಂದಿದ್ದೇನೆ. ಹುಡುಗರಿಗೆ ಹೇಳಿದ್ದೇನೆ, ನೀವು ಬರೆದದ್ದನ್ನು ನಾನು ಬೇಡ ಅಂದರೆ ಅದರ ಕೆಳಗೆ ನಾನೇ ಸಹಿ ಹಾಕುತ್ತೇನೆ ಅಂತ. ಮೊದಲ ಎರಡು ದಿನ ಯಾರೂ ಏನೂ ಬರೆಯಲಿಲ್ಲ. ನಿನ್ನೆ ಒಬ್ಬ ಬರೆದ. ಇನ್ನೊಂದು ಪಿಕಪ್, ಅದೇ ಮಾಡೆಲ್, ಅದೇ ಸೀಲ್. ಗೇರ್‌ಬಾಕ್ಸ್ ಕೆಳಗಿದೆ. ಗಿರಾಕಿಗೆ ಹನ್ನೊಂದು ಗಂಟೆಗೇ ಫೋನ್ ಮಾಡಿ ನಾಳೆ ಸಂಜೆ ಅಂದೆ. ಸಿಟ್ಟು ಮಾಡಿಕೊಂಡರು, ಆಮೇಲೆ ಸರಿ ಅಂದರು. ಆದರೆ ಮೈಸೂರಿನ ಅಂಗಡಿಯಲ್ಲೂ ಸೀಲ್ ಖಾಲಿಯಂತೆ.

ಸೋಮವಾರಪೇಟೆ ಹಳೇ ಜೀಪು
ಹಳೇ ಸೀಲಿನ ಮೇಲಿರುವ ನಂಬರ್ ಫೋಟೋ ತೆಗೆದು ಹಾಕು ತಮ್ಮ. ನನ್ನ ಹತ್ತಿರ ಎರಡು ಇದ್ದ ಹಾಗಿದೆ. ಸರಿಹೊಂದಿದರೆ ಬೆಳಗಿನ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.