ಧ್ವನಿಪೆಟ್ಟಿಗೆ ತೆಗೆದ ಮೇಲೆ ಅಪ್ಪ ಮತ್ತೆ ಮಾತಾಡ್ತಾರಾ?

ಪ್ರಶ್ನೆ: ಮೇಡಂ, ಗಂಟಲು ಕ್ಯಾನ್ಸರ್ ಅಂತ ಅಪ್ಪನ ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿದ್ದಾರೆ. ರೇಡಿಯೇಷನ್ನೂ ಮುಗಿದಿದೆ. ಪಿಸುಮಾತು ಕೂಡ ಬರುತ್ತಿಲ್ಲ, ಎಲ್ಲ ಬರೆದೇ ತೋರಿಸುತ್ತಾರೆ. ವಾಲ್ವ್ ಹಾಕಿಸಿ ಅಂತ ಒಬ್ಬರು, ಮಷೀನ್ ಸಾಕು ಅಂತ ಇನ್ನೊಬ್ಬರು. ಏನು ಮಾಡೋದು?

ಸ್ಪೀಚ್ ಥೆರಪಿಸ್ಟ್: ಪಿಸುಗುಟ್ಟಬೇಕಾದರೂ ಶ್ವಾಸಕೋಶದ ಗಾಳಿ ಬಾಯಿಗೆ ಬರಬೇಕು ಅಲ್ವಾ? ಅಪ್ಪನ ಉಸಿರು ಈಗ ಆಪರೇಷನ್‌ನಲ್ಲಿ ಮಾಡಿದ ಕತ್ತಿನ ತೂತಿನಿಂದಲೇ ಹೋಗಿ ಬರುತ್ತದೆ. "ಮೆಲ್ಲಗಾದ್ರೂ ಹೇಳಿ" ಅಂತ ಸುಮ್ನೆ ಒತ್ತಾಯ ಮಾಡಬೇಡಿ.

ನಾನಾದರೆ ಮೊದಲು ಮಷೀನ್ ಕೊಡಿಸುತ್ತೇನೆ. ವಾಲ್ವ್ ಆಮೇಲೆ ಹಾಕಿಸಬಹುದು, ಅಲ್ಲಿವರೆಗೆ ಮನುಷ್ಯ ಮೂಕನಾಗಿ ಕೂರಬಾರದು. ಈ ಮಷೀನ್, ಅಂದರೆ ಎಲೆಕ್ಟ್ರೋಲಾರಿಂಕ್ಸ್, ಟಾರ್ಚಿನಂಥ ಸಾಧನ. ಕತ್ತಿಗೆ ಇಟ್ಟು, ಗುಂಡಿ ಒತ್ತಿ, ತುಟಿ ನಾಲಿಗೆ ಆಡಿಸಿದರೆ ಮಾತು. ರೇಡಿಯೇಷನ್‌ನಿಂದ ಕತ್ತು ಗಟ್ಟಿಯಾಗಿದ್ದರೆ ಸದ್ದು ಒಳಗೆ ಹೋಗುವುದಿಲ್ಲ, ಆಗ ಕೆನ್ನೆಗೆ ಇಟ್ಟು ನೋಡಿ. ದನಿ ರೋಬೋಟ್ ತರ ಇರುತ್ತದೆ, ಸುಳ್ಳು ಹೇಳಲ್ಲ. ಸದ್ದು ನಿಲ್ಲದೆ ಬರುವುದರಿಂದ 'ಪಾಪ' ಅಂದರೆ 'ಬಾಬ' ಅಂತ ಕೇಳುತ್ತದೆ, 'ಹ' ಸರಿಯಾಗಿ ಬರುವುದೇ ಇಲ್ಲ. ನಿಧಾನವಾಗಿ, ಬಾಯಿ ದೊಡ್ಡದಾಗಿ ತೆರೆದು ಹೇಳಲಿ. ವಾಕ್ಯ ಮುಗಿದ ಕೂಡಲೇ ಗುಂಡಿ ಬಿಡಲಿ. ಹೊಸಬರೆಲ್ಲ ಇಲ್ಲೇ ಎಡವುವುದು.

ವಾಲ್ವಿನ ದನಿ ಇದಕ್ಕಿಂತ ಸಹಜ. ಉಸಿರಿನ ಕೊಳವೆಗೂ ಅನ್ನನಾಳಕ್ಕೂ ನಡುವೆ ಸಣ್ಣ ದಾರಿ ಮಾಡಿ ಅದರಲ್ಲಿ ಕೂರಿಸುತ್ತಾರೆ. ಕತ್ತಿನ ತೂತನ್ನು ಬೆರಳಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ಅನ್ನನಾಳಕ್ಕೆ ಹೋಗಿ ಅದರ ಮೇಲ್ಭಾಗದ ಗೋಡೆ ಅದುರುತ್ತದೆ, ದನಿ ಬರುತ್ತದೆ. ಅಮೆರಿಕದ ಡಾ. ಸಿಂಗರ್ ಮತ್ತು ಸ್ಪೀಚ್ ಥೆರಪಿಸ್ಟ್ ಬ್ಲಾಮ್ 1980ರಲ್ಲಿ ವರದಿ ಮಾಡಿದ ವಿಧಾನ ಇದು. ತೊಂದರೆ ಅಂದರೆ ಕೆಲವು ತಿಂಗಳಿಗೊಮ್ಮೆ ಬದಲಾಯಿಸಬೇಕು, ಹೊರದೇಶದ್ದು ಸಾವಿರಾರು ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ 50 ರೂಪಾಯಿಯ 'ಓಂ' ವಾಲ್ವ್ ಮಾಡಿದ್ದು ಈ ಖರ್ಚು ನೋಡಿಯೇ. ಅಪ್ಪನಿಗೆ ಯಾವುದು ಹೊಂದುತ್ತದೆ ಅಂತ ಸರ್ಜನ್ ಹೇಳಲಿ.

ಗಾಳಿ ನುಂಗಿ ತೇಗಿನ ಹಾಗೆ ಹೊರಬಿಟ್ಟು ಮಾತಾಡೋದೂ ಉಂಟು. ಖರ್ಚಿಲ್ಲ, ಆದರೆ ಕಲಿಯೋಕೆ ತಿಂಗಳುಗಟ್ಟಲೆ ಬೇಕು, ಎಲ್ಲರಿಗೂ ಒಲಿಯುವುದಿಲ್ಲ.

ಇನ್ನೊಬ್ಬರು: ನಮ್ಮ ಮಾವನವರಿಗೆ ವಾಲ್ವ್ ಇದೆ. ಈಗೀಗ ಕಾಫಿ ಕುಡಿದರೆ ಕೆಮ್ಮು ಬರುತ್ತೆ.

ಸ್ಪೀಚ್ ಥೆರಪಿಸ್ಟ್: ವಾಲ್ವ್ ಸೋರುತ್ತಿರಬೇಕು. ಒಂದು ಗುಟುಕು ನೀರು ಕುಡಿಸಿ, ಟಾರ್ಚ್ ಹಿಡಿದು ತೂತಿನೊಳಗೆ ನೋಡಿ. ವಾಲ್ವಿನ ಮಧ್ಯದಿಂದ ಸೋರಿದರೆ ಅಗುಳೋ ಫಂಗಸ್ಸೋ ಕೂತಿರಬಹುದು. ಅದರದ್ದೇ ಬ್ರಷ್‌ನಿಂದ ತೊಳೆಯಿರಿ. ಆಗಲೂ ನಿಲ್ಲದಿದ್ದರೆ ಬದಲಾಯಿಸಬೇಕು. ಅಂಚಿನಿಂದ ಸೋರಿದರೆ ಸೈಜ್ ಸಡಿಲ ಆಗಿರಬಹುದು, ಡಾಕ್ಟರೇ ನೋಡಬೇಕು. ನೀವು ಕಿತ್ತು ನೋಡಲು ಹೋಗಬೇಡಿ. ತಾನಾಗಿ ಬಿದ್ದರೆ ನಾಳೆ ಹೋಗೋಣ ಅನ್ನಬೇಡಿ, ಆ ದಾರಿ ಬೇಗ ಮುಚ್ಚಿಕೊಳ್ಳುತ್ತದೆ. ಬಿದ್ದದ್ದು ಕೈಗೆ ಸಿಗದಿದ್ದರೆ ಅದನ್ನೂ ಆಸ್ಪತ್ರೆಯಲ್ಲಿ ಹೇಳಿ, ಉಸಿರಿನ ಕೊಳವೆಗೆ ಇಳಿದಿರಬಹುದು.